ತವರಿಗೆ ಹೋದ ಬೆಂಚು

ನಮ್ಮ ಮನೆಯ ಬೆಂಚು ಮುನಿಸಿಕೊಂಡು ತವರಿಗೆ ಹೋದದ್ದು ಒಂದು ಮಧ್ಯಾಹ್ನ, ಎಲ್ಲರೂ ಊಟ ಮುಗಿಸಿ ಅಡ್ಡಾಗಿದ್ದ ಹೊತ್ತಿನಲ್ಲಿ. ನಾನು ಎದ್ದು ಕಾಫಿಗೆ ನೀರಿಟ್ಟು ಹಜಾರಕ್ಕೆ ಬಂದು ನೋಡಿದರೆ ಗೋಡೆಯ ಪಕ್ಕ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ಅದರ ನಡುವೆ ಎಷ್ಟೋ ಕಾಲದಿಂದ ಸಿಗದೆ ಹೋಗಿದ್ದ ಒಂದು ಬಾಚಣಿಗೆ, ಎರಡು ಗುಂಡಿ, ನನ್ನ ಗಂಡನ ಹಳೆಯ ಕನ್ನಡಕದ ಒಂದು ಕಡ್ಡಿ. ಅವರನ್ನು ಎಬ್ಬಿಸಿ ವಿಷಯ ಹೇಳಿದೆ. ಅವರು ಮಗ್ಗುಲು ಬದಲಿಸಿ, "ಎಲ್ಲಿಗೆ ಹೋಗುತ್ತೆ, ಅಮ್ಮನ ತವರಿಗೆ ತಾನೆ" ಎಂದು ಮತ್ತೆ ಕಣ್ಣು ಮುಚ್ಚಿದರು.

ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಇದೆಲ್ಲ ಅಭ್ಯಾಸವಿರಲಿಲ್ಲ. ನನ್ನ ಮದುವೆಯಾದ ವರ್ಷವೇ ಪಕ್ಕದ ಮನೆಯ ಬೀರು ಬಟ್ಟೆಬರೆಯ ಸಮೇತ ಹೊರಟುಹೋಗಿ, ಆ ಮನೆಯ ಯಜಮಾನರು ಅದು ವಾಪಸು ಬರುವವರೆಗೆ ಹೆಂಡತಿಯ ಶಾಲು ಸುತ್ತಿಕೊಂಡು ಕಚೇರಿಗೆ ಹೋಗುತ್ತಿದ್ದರು. ಕಚೇರಿಯಲ್ಲಿ ಯಾರೂ ಏನೂ ಕೇಳಲಿಲ್ಲವಂತೆ. ಕೇಳಿದರೆ ನಾಳೆ ತಮ್ಮ ಮನೆಯ ಮಂಚಕ್ಕೂ ಅದೇ ಬುದ್ಧಿ ಬಂದೀತು ಎಂಬ ಭಯ.

ಹೋಗುವುದು ಹಳೆಯ ಸಾಮಾನು ಮಾತ್ರ, ಕೈಯಲ್ಲಿ ಮಾಡಿದ್ದು, ಮದುವೆಯಲ್ಲಿ ಹೆಣ್ಣಿನ ಜೊತೆ ಬಂದದ್ದು. ಅಂಗಡಿಯ ಪ್ಲೈವುಡ್ ಮೇಜು ಎಲ್ಲಿಗೂ ಹೋಗುವುದಿಲ್ಲ, ಪ್ಲಾಸ್ಟಿಕ್ ಕುರ್ಚಿಗೆ ಬೈದರೂ ಬೇಸರವಿಲ್ಲ. ಹಾಗಿದ್ದ ಮೇಲೆ ಈ ಮುನಿಸಿಕೊಳ್ಳುವ ಸಾಮಾನನ್ನು ಯಾಕೆ ಇಟ್ಟುಕೊಳ್ಳುತ್ತೀರಿ ಎಂದು ಹೊರಗಿನವರು ಕೇಳುವುದುಂಟು. ಅವರಿಗೆ ನಮ್ಮ ಬೆಂಚನ್ನು ತೋರಿಸಬೇಕಿತ್ತು. ಹಲಸಿನ ಮರದ್ದು. ಕೂತು ಕೂತು ಜೇನಿನ ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಒಂದು ಮೊಳೆಯೂ ಇಲ್ಲ, ಎಲ್ಲ ಮರದ ಬೆಣೆಗಳು. ಒರಗಿನ ಮೇಲೆ ಆಚಾರಿ ಎರಡು ಗಿಳಿ ಕೆತ್ತಲು ಹೋಗಿ ಒಂದನ್ನು ಚೆನ್ನಾಗಿ ಕೆತ್ತಿ, ಇನ್ನೊಂದಕ್ಕೆ ಬರುವ ಹೊತ್ತಿಗೆ ಹಸಿವಾಯಿತೋ ಏನೋ, ಅದು ಕೋಳಿಯಂತೆ ಆಗಿತ್ತು. ಒಂದು ಕಾಲು ಉಳಿದವಕ್ಕಿಂತ ದಪ್ಪ. ಕೆಳಗೆ ಕೈ ಹಾಕಿ ಸವರಿದರೆ ಬಾಚಿಯ ಏಟುಗಳು ಬೆರಳಿಗೆ ಸಿಗುತ್ತಿದ್ದವು, ಒಬ್ಬ ಮನುಷ್ಯ ಆಡಿದ ಮಾತಿನ ಹಾಗೆ, ಎಲ್ಲಿ ಅವಸರ, ಎಲ್ಲಿ ನಿಧಾನ ಎಂದು ತಿಳಿಯುವಂತೆ. ಅದರ ಮೇಲೆ ಕೂತರೆ ಬೆನ್ನು ತಾನೇ ನೆಟ್ಟಗಾಗುತ್ತಿತ್ತು, ಮಾತು ತಾನೇ ಮೆತ್ತಗಾಗುತ್ತಿತ್ತು. ಹಳೆಯ ಮರದ ಮೇಲೆ ಮೋಹವಿದ್ದ ದೂರದ ಊರಿನವನೊಬ್ಬ ಬಂದು ಇದನ್ನು ಕೇಳಿ, ಕೊಡುವುದಿಲ್ಲವೆಂದಾಗ ಎದುರು ಮನೆಯ ಮೂರು ಕಾಲಿನ ಮೇಜನ್ನು ಕಾರಿಗೆ ಹಾಕಿಕೊಂಡು ಹೋಗಿದ್ದ. ಮಳೆಗಾಲ ಕಳೆಯುವುದರೊಳಗೆ ಮೇಜು ತಾನಾಗಿ ವಾಪಸು ಬಂತು, ತಲೆಯ ಮೇಲೆ ಅವನ ಮನೆಯ ಬೆಲೆಬಾಳುವ ದೀಪ ಹೊತ್ತುಕೊಂಡು.

ಮುನಿಸಿಕೊಂಡು ಹೋದದ್ದನ್ನು ಕರೆತರಲು ಕ್ರಮವಿದೆ. ಯಾವ ಹೆಣ್ಣಿನ ಜೊತೆ ಅದು ಬಂದಿತ್ತೋ ಅವಳೇ ಹೋಗಬೇಕು, ಜೊತೆಗೆ ಮನೆಯ ಇನ್ನೊಬ್ಬ ಹೆಂಗಸು. ಎಣ್ಣೆ, ಹೊಸ ಬಟ್ಟೆಯ ತುಂಡು, ಎಲೆಅಡಿಕೆ ಒಯ್ಯಬೇಕು. ಅದು ಯಾಕೆ ಹೋಯಿತು ಎಂಬ ಸರಿಯಾದ ಕಾರಣವನ್ನು ಬಾಯಿಬಿಟ್ಟು ಹೇಳುವವರೆಗೆ ಆನೆ ಕಟ್ಟಿ ಎಳೆದರೂ ಅದು ನೆಲ ಬಿಡುವುದಿಲ್ಲ. ಕರೆಯಲು ಹೋದವರು ಅದನ್ನು ಬಿಟ್ಟು ಬರುವಂತಿಲ್ಲ, ಅಲ್ಲಿಯೇ ಇರಬೇಕು. ಅಮಾವಾಸ್ಯೆಯೊಳಗೆ ಒಲಿಯದಿದ್ದರೆ ಅದು ತವರಿಗೇ ಉಳಿದುಬಿಡುತ್ತದೆ, ಆಮೇಲೆ ಆ ಹೆಂಗಸು ಯಾವ ಅರಿಶಿನ ಕುಂಕುಮಕ್ಕೆ ಹೋದರೂ, ನಿನ್ನ ಹತ್ತಿರ ಮರವೂ ನಿಲ್ಲಲಿಲ್ಲವಂತಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ನನ್ನ ಅತ್ತೆ ತುಂಗಮ್ಮನವರು ಸುದ್ದಿ ಕೇಳಿ ಹಣೆ ಹಣೆ ಚಚ್ಚಿಕೊಂಡರು. ಚಚ್ಚಿಕೊಳ್ಳುತ್ತಲೇ ಎರಡು ಸೀರೆ ಮಡಿಸಿ ಚೀಲಕ್ಕೆ ಹಾಕಿದರು. ಚೀಲ ಮೊದಲೇ ಗೂಟದಿಂದ ಇಳಿದು ಸಿದ್ಧವಾಗಿತ್ತು ಎಂಬುದನ್ನು ನಾನು ಆಗ ಗಮನಿಸಲಿಲ್ಲ.

ಅವರ ತವರು ಇದೇ ಊರಿನ ಮೇಲಿನ ಬೀದಿಯಲ್ಲಿದೆ. ಒಲೆಯ ಮೇಲೆ ಬೇಳೆ ಇಟ್ಟು ಹೋಗಿ ಬಂದರೆ ಬೇಳೆ ಇನ್ನೂ ಬೆಂದಿರುವುದಿಲ್ಲ, ಅಷ್ಟು ಹತ್ತಿರ. ಅದೇ ಅವರ ಕಷ್ಟ. ನನ್ನ ತವರು ಬಸ್ಸಿನಲ್ಲಿ ಒಂದು ಹಗಲಿನ ದಾರಿ, ಆದ್ದರಿಂದ ನಾನು ಪ್ರತಿ ಬೇಸಿಗೆ ಹೋಗಿ ಮೈಮುರಿದು ಮಲಗಿ ಬರುತ್ತಿದ್ದೆ. ಅತ್ತೆಗೆ ಮಾತ್ರ ಮದುವೆಯಾದಂದಿನಿಂದ ಎಲ್ಲರೂ ಒಂದೇ ಮಾತು ಹೇಳಿದ್ದರು: ಇಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದು. ಯಾವಾಗ ಬೇಕಾದರೂ ಹೋಗಬಹುದಾದ ಜಾಗದಲ್ಲಿ ರಾತ್ರಿ ಉಳಿಯಲು ಕಾರಣ ಹುಡುಕುವುದು ಕಷ್ಟ. ಹೋದರೆ ಒಂದು ಲೋಟ ಕಾಫಿ, ಎದ್ದರೆ ನಮ್ಮ ಮನೆ. ಮಾವ ಬದುಕಿದ್ದಾಗ ಹಾಗೆ, ತೀರಿಕೊಂಡ ಮೇಲೂ ಹಾಗೆಯೇ. ನಾನು ಬೇಸಿಗೆಯಲ್ಲಿ ಹೊರಡುವಾಗ ಅತ್ತೆ ನನ್ನ ಪೆಟ್ಟಿಗೆಯನ್ನು ಎತ್ತಿ ಭಾರ ನೋಡುತ್ತಿದ್ದರು. ಅದರೊಳಗೆ ಏನಿದೆ ಎಂಬ ಅನುಮಾನಕ್ಕೆ ಎಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ.

ನಾವು ತಲುಪಿದಾಗ ಬೆಂಚು ಆ ಮನೆಯ ನಡುಮನೆಯಲ್ಲಿ ಕಿಟಕಿಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಕೂತಿತ್ತು. ಅತ್ತೆಯ ತಮ್ಮ ಪಟ್ಟಾಭಿ ಮಾವ ಬಾಗಿಲಲ್ಲೇ ನಿಂತಿದ್ದರು. ಅವರು ಕೋರ್ಟಿನಲ್ಲಿ ಕೂಗಿ ಕರೆಯುವ ಕೆಲಸ ಮಾಡಿ ನಿವೃತ್ತರಾದವರು, ಇಂಥ ಒಂದು ಅವಕಾಶಕ್ಕೆ ಕಾದಿದ್ದರು. ದಿನಾ ಸಂಜೆ ದೀಪ ಹಚ್ಚುವ ಮೊದಲು ವಿಚಾರಣೆ, ಯಾರು ಬೇಕಾದರೂ ಬರಬಹುದು ಎಂದು ಬೀದಿಗೆಲ್ಲ ಸಾರಿದರು. ಅವರ ಹೆಂಡತಿ ರುಕ್ಕತ್ತೆ ಮಾತ್ರ ನಮ್ಮ ಚೀಲ ತೆಗೆದುಕೊಂಡು, "ಹಾಸಿಗೆ ಬಿಸಿಲಿಗೆ ಹಾಕಿದೀನಿ ಅತ್ತಿಗೆ, ನಿಮ್ಮಮ್ಮ ಮಲಗ್ತಿದ್ದ ಕೋಣೇಲೇ ಮಲಗಿ" ಎಂದರು. ಬೆಂಚು ಬಂದು ಇನ್ನೂ ಗಂಟೆಯಾಗಿರಲಿಲ್ಲ. ಹಾಸಿಗೆಯ ಹತ್ತಿ ಬೆಳಗಿನಿಂದ ಕಾದಷ್ಟು ಬೆಚ್ಚಗಿತ್ತು.

ಮೊದಲನೆಯ ಸಂಜೆ ಬೀದಿಯೇ ಬಂದಿತ್ತು. ಪಟ್ಟಾಭಿ ಮಾವ ಒಂದೊಂದು ಕಾರಣ ಹೇಳಿಸಿ, ಪ್ರತಿಸಲ ಬೆಂಚಿನ ಒಂದು ತುದಿಗೆ ಕೈಕೊಟ್ಟು ಎತ್ತಿ ನೋಡುತ್ತಿದ್ದರು. ನಾನು ಅದರ ಮೇಲೆ ಹಪ್ಪಳ ಒಣಗಿಸಿದ್ದನ್ನು ಹೇಳಿದೆ, ಏಳಲಿಲ್ಲ. ತಿಗಣೆಗೆಂದು ಸಂದಿಗೆ ಬಿಸಿನೀರು ಹೊಯ್ದದ್ದನ್ನು ಹೇಳಿದೆ, ಏಳಲಿಲ್ಲ. ಪಕ್ಕದಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟದ್ದು ಎಂದಾಗ ನೆರೆದವರೆಲ್ಲ ಇದೇ ಇದೇ ಎಂದರು, ಆಗಲೂ ಇಲ್ಲ. ಪಕ್ಕದ ಮನೆಯವರೊಬ್ಬರು ಒಮ್ಮೆ ಕೂತಾಗ ತಮ್ಮಿಂದ ಆದ ಒಂದು ತಪ್ಪನ್ನು ತಲೆ ತಗ್ಗಿಸಿ ಒಪ್ಪಿಕೊಂಡರು. ಅದು ಏನೆಂದು ಇಲ್ಲಿ ಬರೆಯುವಂತಿಲ್ಲ. ಬೆಂಚು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅತ್ತೆಯ ಸರದಿ ಬಂದಾಗ ಅವರು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಆರಂಭಿಸಿದರು. ಹೊಸದಾಗಿ ಬಂದಾಗ ಇದನ್ನು ಯಾರೂ ಹೇಗಿದ್ದೀಯ ಎಂದು ಕೇಳಲಿಲ್ಲ. ಇದರ ಎದುರೇ ಇದರ ತವರನ್ನು ಆಡಿಕೊಂಡು ನಗುತ್ತಿದ್ದರು. ಹುಳಿಗೆ ಬೆಲ್ಲ ಹಾಕುವುದು ಇದಕ್ಕೆ ಇಷ್ಟ, ಆ ಮನೆಯಲ್ಲಿ ಹಾಕಲು ಬಿಡಲಿಲ್ಲ. ಪಟ್ಟಾಭಿ ಮಾವ ಎತ್ತಲು ಬಗ್ಗಿದವರು ಅರ್ಧಕ್ಕೇ ನಿಂತರು.

"ಅಕ್ಕಯ್ಯಾ, ಬೆಂಚಿಗೆ ಹುಳಿ ಏನು, ಬೆಲ್ಲ ಏನು?"

"ನೀನು ಒಂದು ನಾಲ್ಕು ದಿನ ಬೆಂಚಾಗಿ ನೋಡು ಪಟ್ಟು, ಗೊತ್ತಾಗುತ್ತೆ" ಎಂದರು ಅತ್ತೆ.

ಹೆಂಗಸರ ಕಡೆಯಿಂದ ಒಂದು ನಗು ಎದ್ದು ಸೆರಗಿನೊಳಗೆ ಅಡಗಿತು. ಮರುದಿನದಿಂದ ಅವರು ಇನ್ನೂ ಬೇಗ ಬಂದು ಮುಂದಿನ ಜಾಗ ಹಿಡಿದರು.

ಹಗಲು ನಮಗೆ ಕೆಲಸವಿರಲಿಲ್ಲ. ಅತ್ತೆ ಬೆಳಗ್ಗೆ ಬಿಸಿಲು ಮಂಚದ ಮೇಲೆ ಬೀಳುವವರೆಗೆ ಮಲಗುತ್ತಿದ್ದರು. ನಮ್ಮ ಮನೆಯಲ್ಲಿ ಹಾಲಿನವನು ಕೂಗುವ ಮೊದಲೇ ಎದ್ದು ಅಂಗಳ ಗುಡಿಸುವ ಹೆಂಗಸು ಇವರೇನಾ ಎಂದು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎದ್ದ ಮೇಲೆ ರುಕ್ಕತ್ತೆಯ ಜೊತೆ ಹಿತ್ತಲಿನಲ್ಲಿ ಕೂತು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವುದು, ಬೆಲ್ಲ ಹಾಕಿದ ಹುಳಿ ಅನ್ನ, ಮಧ್ಯಾಹ್ನ ಚೌಕಾಬಾರ. ಆಟದಲ್ಲಿ ಅತ್ತೆ ಮೋಸ ಮಾಡುತ್ತಿದ್ದರು. ಹಿಡಿದರೆ ಹತ್ತು ವರ್ಷದ ಹುಡುಗಿಯಂತೆ ಕವಡೆ ಚೆಲ್ಲಿ ಎದ್ದುಹೋಗುತ್ತಿದ್ದರು. ಆ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನನ್ನ ಗಂಡ ದಿನವೂ ಬೆಂಚನ್ನು ನೋಡಿಕೊಂಡು ಹೋಗಲು ಬರುತ್ತಿದ್ದರು. ಸರಿಯಾಗಿ ಎಲೆ ಹಾಕುವ ಹೊತ್ತಿಗೆ ಅವರಿಗೆ ಬೆಂಚಿನ ನೆನಪಾಗುತ್ತಿತ್ತು. ಉಂಡು ಕೈ ಒರೆಸಿಕೊಂಡು, ಅವಲಕ್ಕಿ ತಿಂದು ತಿಂದು ನಾಲಿಗೆ ಮರಗಟ್ಟಿದೆ ಎಂದು ಬೆಂಚಿಗೆ ಕೇಳುವಂತೆ ಹೇಳಿ ಹೋಗುತ್ತಿದ್ದರು. ಪಾಪ, ಅವರೂ ಒಂದು ಸಂಜೆ ತಮ್ಮ ತಪ್ಪುಗಳನ್ನೆಲ್ಲ ಒಪ್ಪಿಕೊಂಡರು. ಆದರೆ ಅವರು ಒಪ್ಪಿಕೊಂಡವೆಲ್ಲ ತುಂಬ ಸಣ್ಣವು. ದೊಡ್ಡವು ಅವರಿಗೆ ಗೊತ್ತೇ ಇರಲಿಲ್ಲ ಎಂದು ನನಗೆ ಅನ್ನಿಸಿತು.

ಬೆಂಚಿಗೆ ಎಣ್ಣೆ ಹಚ್ಚುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದು ದಿನ ನೆಲದ ಮೇಲೆ ಮಲಗಿ ಅಡಿಯ ಹಲಗೆಯನ್ನು ಒರೆಸುತ್ತಿದ್ದಾಗ ಬೆರಳಿಗೆ ಏನೋ ತಣ್ಣಗೆ ತಗುಲಿತು. ಕಬ್ಬಿಣದ ಮೊಳೆ. ದಪ್ಪ ಕಾಲಿನ ಪಕ್ಕದಲ್ಲಿ, ಸೊಟ್ಟಗೆ, ಅರ್ಧ ಮಾತ್ರ ಇಳಿದಿತ್ತು. ಸುತ್ತಲೂ ಕುಟ್ಟಿದ ಗಾಯ, ಇನ್ನೂ ಬೆಳ್ಳಗಿತ್ತು. ಈ ಊರಿನಲ್ಲಿ ಹಳೆಯ ಮರಕ್ಕೆ ಕಬ್ಬಿಣದ ಮೊಳೆ ಹೊಡೆಯುವುದೆಂದರೆ ವಯಸ್ಸಾದವರ ಕೆನ್ನೆಗೆ ಹೊಡೆದಂತೆ. ಯಾರು ಎಂದು ಯೋಚಿಸಿದೆ. ನಮ್ಮ ಅಡುಗೆಮನೆಯ ಕ್ಯಾಲೆಂಡರು ಬೆಂಚು ಹೋದ ದಿನ ಬೆಳಗ್ಗೆಯಿಂದ ಗೋಡೆಯಲ್ಲಿರದೆ ಅಕ್ಕಿ ಡಬ್ಬಕ್ಕೆ ಒರಗಿ ಕೂತಿದ್ದುದು ನೆನಪಾಯಿತು. ಊಟವಾದ ಮೇಲೆ ಅತ್ತೆ ಹಜಾರದಲ್ಲಿ ಎಲೆಅಡಿಕೆ ಕುಟ್ಟುವ ಸದ್ದು ಮಾಡಿದ್ದು ನೆನಪಾಯಿತು. ಅತ್ತೆಗೆ ಹಲ್ಲೆಲ್ಲ ಗಟ್ಟಿಯಾಗಿವೆ, ಅವರು ಎಂದೂ ಅಡಿಕೆ ಕುಟ್ಟಿ ತಿಂದವರಲ್ಲ.

ನಾನು ಬೆಂಚಿನ ಅಡಿಯಿಂದ ಹೊರಗೆ ಬಂದಾಗ ರುಕ್ಕತ್ತೆ ಒಲೆಯ ಮುಂದಿನಿಂದ ಎದ್ದು ಬಂದು ನಿಂತಿದ್ದರು. ಕೈಯಲ್ಲಿ ಸೌಟು.

"ಸಿಕ್ತಾ?" ಎಂದರು.

ಹೂಂ ಎಂದೆ.

"ಅದನ್ನ ಬಿಟ್ಟು ಸುತ್ತ ಒರೆಸು."

ಅವರಿಗೆ ಮೊದಲ ಸಂಜೆಯೇ ಗೊತ್ತಾಗಿತ್ತಂತೆ, ಗುಡಿಸುವಾಗ. ಅದಕ್ಕೂ ಮೊದಲೇ ಗೊತ್ತಿತ್ತೋ ಏನೋ, ಆ ಬೆಚ್ಚಗಿನ ಹಾಸಿಗೆಯನ್ನು ನೆನೆದು ನಾನು ಕೇಳಲು ಹೋಗಲಿಲ್ಲ. ಬೆಂಚು ಬಂದ ಮೇಲೆ ಮನೆಗೆ ಜನ ಬರುತ್ತಿದ್ದಾರೆ, ಪಟ್ಟಾಭಿ ಮಾವ ರಾತ್ರಿ ಮಲಗುವ ಮುನ್ನ ವಿಚಾರಣೆಯ ಬಗ್ಗೆ ತನ್ನ ಅಭಿಪ್ರಾಯ ಕೇಳುತ್ತಾರೆ, ಅವರು ತನ್ನ ಅಭಿಪ್ರಾಯ ಕೇಳಿ ಎಷ್ಟು ಕಾಲವಾಗಿತ್ತೋ ಎಂದು ರುಕ್ಕತ್ತೆ ಸೌಟಿನ ತುದಿ ನೋಡುತ್ತ ಹೇಳಿದರು. ಹೀಗೆ ಕಾರಣ ಗೊತ್ತಿದ್ದವರು ಮೂವರಾದೆವು. ಮೂವರೂ ಸಂಜೆ ಸಂಜೆ ಕೂತು, ಯಾಕೆ ಹೋಯಿತಪ್ಪ ಇದು ಎಂದು ಗಲ್ಲಕ್ಕೆ ಕೈಕೊಟ್ಟೆವು.

ಚಂದ್ರ ಸಣ್ಣಗಾಗುತ್ತ ಬಂದ. ಅತ್ತೆ ಹೇಳುವ ಕಾರಣಗಳು ಬೇರೆಯಾಗತೊಡಗಿದವು. ನಗು ಬರಿಸುವಂಥವು ಮುಗಿದಿದ್ದವು ಎಂದು ಕಾಣುತ್ತದೆ. ಒಂದು ಸಂಜೆ, ಬೆಂಚಿನ ಕಡೆ ನೋಡದೆ ತಮ್ಮ ಅಂಗೈ ನೋಡುತ್ತ, "ಅಮ್ಮ ಹೋದ ದಿನ ಇದನ್ನ ಸಂಜೆಗೇ ವಾಪಸು ಕರೆಸಿಕೊಂಡ್ರು. ಹತ್ತಿರವೇ ಅಲ್ವಾ, ನಾಳೆ ಮತ್ತೆ ಹೋಗಬಹುದು ಅಂದ್ರು. ಅದಕ್ಕೆ ಬೇಜಾರಾಗಿರಬಹುದು" ಎಂದರು.

ಆ ದಿನ ಬೆಂಚು ನಮ್ಮ ಹಜಾರ ಬಿಟ್ಟು ಕದಲಿರಲಿಲ್ಲ ಎಂದು ಯಾರೂ ಹೇಳಲಿಲ್ಲ. ಪಟ್ಟಾಭಿ ಮಾವ ಬಂದು ಬೆಂಚಿನ ತುದಿ ಹಿಡಿದರು. ಎತ್ತಲಿಲ್ಲ, ಸುಮ್ಮನೆ ಹಿಡಿದು ನಿಂತರು. ಆ ಸಂಜೆ ವಿಚಾರಣೆ ಬೇಗ ಮುಗಿಯಿತು.

ಅಮಾವಾಸ್ಯೆಯ ಬೆಳಗ್ಗೆ ನನ್ನ ಗಂಡ ಮಂಡಿಯಿಂದ ನಾಲ್ಕು ಜನ ಮೂಟೆ ಹೊರುವವರನ್ನು ಕರೆದುಕೊಂಡು ಬಂದರು. ಒಲಿಯಲಿ ಬಿಡಲಿ, ಇವತ್ತು ಎತ್ತಿಸುತ್ತೇನೆ ಎಂಬುದು ಅವರ ಹಟ. ನಾಲ್ವರೂ ಮೈಯ ಬಲವನ್ನೆಲ್ಲ ಹಾಕಿದರು, ಬೆಂಚು ಕದಲಲಿಲ್ಲ. ಒಬ್ಬನ ಪಂಚೆ ಹರಿಯಿತು. ಬೀದಿಯ ಜನ ಕಿಟಕಿಯಲ್ಲಿ ತುಂಬಿಕೊಂಡಿದ್ದರು. ನನ್ನ ಗಂಡ ಅತ್ತೆಯ ಮುಂದೆ ಕೂತು, ಸೂರ್ಯ ಮುಳುಗಿದರೆ ಇದು ಇಲ್ಲಿಯದೇ ಆಗಿಹೋಗುತ್ತದೆ, ಸರಿಯಾಗಿ ಯೋಚನೆ ಮಾಡಮ್ಮ ಎಂದು ಬೇಡಿಕೊಂಡರು. ಅತ್ತೆ ಯೋಚನೆ ಮಾಡುವವರಂತೆ ಮುಖ ಮಾಡಿದರು. ಹೇಳಿದರೆ ಮಗ, ತಮ್ಮ, ಬೀದಿ ಎಲ್ಲ ಕೇಳುತ್ತದೆ. ತವರಿಗೆ ಬರುವ ಆಸೆಗೆ ಮುದುಕಿ ತನ್ನ ಬೆಂಚಿಗೇ ಮೊಳೆ ಹೊಡೆದಳಂತೆ ಎಂದು ಮಕ್ಕಳೂ ಆಡಿಕೊಳ್ಳುತ್ತವೆ. ಹೇಳದಿದ್ದರೆ ಬೆಂಚು ಹೋಯಿತು, ಅದರ ಜೊತೆ ಮರ್ಯಾದೆಯೂ. ಅತ್ತೆ ನನ್ನ ಕಡೆ ನೋಡಿದರು. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಗಂಡನೂ ನನ್ನ ಕಡೆ ತಿರುಗಿ, ನೀನಾದರೂ ಏನಾದರೂ ಹೇಳು ಕುಮುದಾ, ದಿನಾ ಇದರ ಜೊತೆಗೇ ಇದ್ದೀಯಲ್ಲ ಎಂದರು.

ನಾನು ಎಣ್ಣೆಯ ಬಟ್ಟಲು ಕೈಗೆ ತೆಗೆದುಕೊಂಡೆ.

"ಹೊತ್ತು ಮುಳುಗೋದರೊಳಗೆ ಇದಕ್ಕೆ ಎಣ್ಣೆ ಸ್ನಾನ ಆಗಬೇಕು. ಗಂಡಸರೆಲ್ಲ ಹೊರಗೆ ಹೋಗಿ."

"ಬೆಂಚಿಗಾ?" ಎಂದರು ನನ್ನ ಗಂಡ.

"ಹೆಣ್ಣಿನ ಜೊತೆ ಬಂದದ್ದು. ನಿಮ್ಮೆದುರು ಹೇಗೆ ಮಾಡಿಸೋದು?"

ಪಟ್ಟಾಭಿ ಮಾವನಿಗೆ ಇದು ತುಂಬ ಸಹಜವಾಗಿ ಕಂಡಿತು. ಕೋರ್ಟಿನ ದನಿಯಲ್ಲಿ ಗಂಡಸರನ್ನೆಲ್ಲ ಹೊರಡಿಸಿ, ಹೊರುವವರು ಹಿಂತಿರುಗಿ ನೋಡದಂತೆ ಅವರ ಮುಖವನ್ನು ಬೀದಿಯ ಕಡೆ ತಿರುಗಿಸಿ ನಿಲ್ಲಿಸಿದರು. ರುಕ್ಕತ್ತೆ ಕಿಟಕಿ ಮುಚ್ಚಿ ಅಗುಳಿ ಹಾಕಿದರು. ನಾನು ಬಟ್ಟಲು ಅತ್ತೆಯ ಕೈಗೆ ಕೊಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ಅತ್ತೆ ನೆಲದ ಮೇಲೆ ಕೂತರು. ಮೊಳೆ ಇರುವ ಜಾಗಕ್ಕೆ ನೋಡದೆಯೇ ಕೈ ಹೋಯಿತು. ಪಕ್ಕದ ಮನೆಯ ಗೆಳತಿಯ ಹತ್ತಿರ ಮಾತಾಡುವ ಹಾಗೆ ಹೇಳಿದರು.

"ಹೊಡೆದದ್ದು ನಾನೇ ಕಣೆ. ನಿನ್ನ ಮೇಲೆ ಸಿಟ್ಟಿರಲಿಲ್ಲ. ನಾನು ಹೋಗ್ತೀನಿ ಅಂದ್ರೆ ಯಾಕೆ ಅಂತಾರೆ. ನೀನು ಹೋದ್ರೆ, ಹೋಗಿ ಕರ್ಕೊಂಡು ಬಾ ಅಂತಾರೆ."

ರುಕ್ಕತ್ತೆ ಬೆಂಚಿನ ತುದಿ ಎತ್ತಿ ನೋಡಿದರು. ಇಲ್ಲ. ಇದಕ್ಕಿಂತ ಸರಿಯಾದ ಕಾರಣ ಇನ್ನು ಯಾವುದಿದೆ? ಹೊರಗೆ ಗಂಡ ಬಾಗಿಲು ತಟ್ಟಿ, ಸ್ನಾನ ಆಯಿತಾ ಎಂದರು. ತಲೆ ಒರೆಸುತ್ತಿದ್ದೇವೆ ಎಂದೆ.

ಅತ್ತೆ ಬಗ್ಗಿ ತಮ್ಮ ಕೆನ್ನೆಯನ್ನು ಹಲಗೆಗೆ ಆನಿಸಿದರು. ಗಾಯವಾದ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು.

"ನೋವಾಯ್ತಾ?"

ಬೆಂಚು ಒಮ್ಮೆ ಕಿರುಗುಟ್ಟಿತು. ಎಲ್ಲ ಬೆಣೆಗಳೂ ಒಟ್ಟಿಗೆ ಉಸಿರು ಬಿಟ್ಟಂತೆ ಕೇಳಿಸಿತು. ರುಕ್ಕತ್ತೆ ಅಡುಗೆಮನೆಯಿಂದ ಇಕ್ಕಳ ತಂದು ಮೊಳೆಯನ್ನು ಕಿತ್ತರು, ನಾನು ಆ ತೂತಿಗೆ ಎಣ್ಣೆ ಬಿಟ್ಟೆ. ನಾವು ಮೂವರೇ ಅದನ್ನು ಎತ್ತಿ ನೋಡಿದೆವು. ಮೊರದಷ್ಟು ಹಗುರವಾಗಿತ್ತು. ಸದ್ದಾಗದಂತೆ ಮತ್ತೆ ಕೆಳಗಿಟ್ಟು ಬಾಗಿಲು ತೆಗೆದೆವು.

ಹೊರುವವರಿಗೆ ಇದನ್ನು ಹೇಳಬೇಕಿತ್ತು. ಅವರು ಮೊದಲಿನ ಭಾರವನ್ನೇ ನೆನೆದು, ಹಲ್ಲು ಕಚ್ಚಿ, ಒಟ್ಟಿಗೆ ಎತ್ತಿದರು. ಬೆಂಚು ತೊಲೆಯವರೆಗೆ ಹೋಗಿ ಬಂತು. ಕೋಳಿಯಂಥ ಗಿಳಿ ಪಟ್ಟಾಭಿ ಮಾವನ ತಲೆ ಸವರಿಕೊಂಡು ಹೋಯಿತು. ಕಾರಣ ಏನಂತೆ, ಕಾರಣ ಏನಂತೆ ಎಂದು ಇಡೀ ಬೀದಿ ಕೇಳಿತು. ನನ್ನ ಗಂಡನೂ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ನೀವು ಬೇಸಿಗೆಯಲ್ಲಿ ಬರಿಮೈಯಲ್ಲಿ ಬೆವರುತ್ತ ಅದಕ್ಕೆ ಒರಗುತ್ತಿದ್ದಿರಂತೆ ಎಂದೆ. ಅವರು ನಂಬಿದರು, ಕಿವಿ ಕೆಂಪಾಯಿತು.

ರುಕ್ಕತ್ತೆ ಅತ್ತೆಗೆ ಮಡಿಲು ತುಂಬಿದರು. ದೂರದ ಊರಿಗೆ ಹೋಗುವ ಮಗಳಿಗೆ ತುಂಬುವಂತೆ, ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಯಾವುದನ್ನೂ ಬಿಡದೆ. ಪಟ್ಟಾಭಿ ಮಾವ ಬೀದಿಯ ತಿರುವಿನವರೆಗೆ ಬಂದು ನಿಂತರು. ಹೊರುವವರು ಮುಂದೆ, ಅವರ ಹಿಂದೆ ನನ್ನ ಗಂಡ, ಆಮೇಲೆ ನಾವಿಬ್ಬರು. ಅತ್ತೆ ಮಡಿಲನ್ನು ಹಿಡಿದುಕೊಂಡು ಬೇಗ ಬೇಗ ನಡೆಯುತ್ತಿದ್ದರು, ಮುಖ ಗಟ್ಟಿಯಾಗಿ, ಆಗಲೇ ಅರ್ಧ ನಮ್ಮ ಮನೆಯ ಅತ್ತೆಯ ಮುಖವಾಗಿಬಿಟ್ಟಿತ್ತು. ಅಂಗಳ ಗುಡಿಸಿಲ್ಲ, ಹಾಲಿನ ಪಾತ್ರೆಯ ಗತಿ ಏನಾಗಿದೆಯೋ ಎಂದು ಗೊಣಗಲು ಶುರುಮಾಡಿದ್ದರು.

ಎರಡು ಬೀದಿಗಳ ನಡುವೆ, ದರ್ಜಿಯ ಅಂಗಡಿಯ ಮುಂದೆ ದಾರಿ ಅಗಲವಾಗುವಲ್ಲಿ, ಹೊರುವವರು ಹೆಗಲು ಬದಲಿಸಲು ಬೆಂಚನ್ನು ಕೆಳಗಿಟ್ಟರು. ಭಾರವೇ ಇಲ್ಲದ್ದಕ್ಕೆ ಹೆಗಲು ಬದಲಿಸುವುದೇಕೋ, ಅಭ್ಯಾಸ. ಅವರು ಬೀಡಿ ಹಚ್ಚುವಷ್ಟರಲ್ಲಿ ಅತ್ತೆ ಹೋಗಿ ಬೆಂಚಿನ ನಡುವೆ ಕೂತುಬಿಟ್ಟರು. ಬೆನ್ನು ಒರಗಿಸಿ, ಕಾಲು ನೀಡಿ, ಮಡಿಲಿನ ಗಂಟನ್ನು ಪಕ್ಕಕ್ಕಿಟ್ಟುಕೊಂಡರು.

"ಅಮ್ಮಾ, ನಡುರಸ್ತೆ" ಎಂದರು ನನ್ನ ಗಂಡ.

"ಅದಕ್ಕೇ. ಇದು ಅವರ ಮನೆಯೂ ಅಲ್ಲ, ನಿಮ್ಮ ಮನೆಯೂ ಅಲ್ಲ" ಎಂದರು ಅತ್ತೆ. "ಬಾ ಕುಮುದಾ, ಕೂತ್ಕೋ."

ನಾನು ಕೂತೆ. ಬೆನ್ನು ತಾನೇ ನೆಟ್ಟಗಾಯಿತು. ಸೈಕಲ್ಲುಗಳು ಗಂಟೆ ಬಾರಿಸಿ ನಮ್ಮನ್ನು ಸುತ್ತಿಕೊಂಡು ಹೋದವು. ಹಾಲಿನ ಗಾಡಿಯವನೊಬ್ಬ ನಿಂತು, ಏನೋ ಹೇಳಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ ಹಿಂದಕ್ಕೆ ಹೋದ. ನನ್ನ ಗಂಡ ಕಾಲು ಬದಲಿಸುತ್ತ ನಿಂತರು. ಕೊನೆಗೆ ಹೊರುವವರಿಗೆ ಕಣ್ಸನ್ನೆ ಮಾಡಿದರು, ನಮ್ಮ ಸಮೇತ ಎತ್ತಿಬಿಡಿ ಎಂದು. ನಾಲ್ವರೂ ಬೀಡಿ ಎಸೆದು ಬಂದು ನಾಲ್ಕು ಕಾಲಿಗೆ ಕೈಹಾಕಿದರು. ಬೆಂಚು ಒಂದು ಕೂದಲೆಳೆಯಷ್ಟೂ ಏಳಲಿಲ್ಲ.

ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು ಬುಟ್ಟಿ ಇಳಿಸಿ, ಹಣೆ ಒರೆಸಿಕೊಂಡು, ಮೊದಲು ಬೆಂಚನ್ನು, ಆಮೇಲೆ ನಮ್ಮಿಬ್ಬರನ್ನು ನೋಡಿದಳು. ತನ್ನ ತವರೂ ಇಲ್ಲೇ ಹಿಂದಿನ ಬೀದಿಯಲ್ಲಿದೆ ಎಂದಳು, ಯಾರೂ ಕೇಳಿರಲಿಲ್ಲ. ಜಾಗ ಇದೆಯಾ ಎಂದು ಕೇಳಿದಳು.

ಅತ್ತೆ ಮಡಿಲಿನ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಸರಿದು ಕೂತರು.